ತೈಚಿಯೋ, ಬಾದ್ವಾನ್‌ಜಿನ್ನೋ, ಸುಮ್ನೆ ನಿಲ್ಲೋದೋ? ಶುರು ಮಾಡೋ ಮುಂಚೆ ಒಂದು ಲೆಕ್ಕಾಚಾರ

ಸಿಂಗಪುರದಲ್ಲಿ ಬೆಳಿಗ್ಗೆ ಏಳಾದರೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಆ ಮಬ್ಬಿನಲ್ಲೇ ನಮ್ಮ ಬ್ಲಾಕಿನ ಕೆಳಗಿನ ಖಾಲಿ ಜಾಗದಲ್ಲಿ ಹದಿನೈದು ಇಪ್ಪತ್ತು ಜನ ಹಿರಿಯರು ಸಾಲಾಗಿ ನಿಂತು ತೈಚಿ ಮಾಡುತ್ತಿರುತ್ತಾರೆ. ನಿಧಾನವಾಗಿ ಕೈಕಾಲು ಆಡಿಸುವ ಚೀನೀ ಕಲೆ ಅದು. ಕಂಬದ ಪಕ್ಕ ಒಂದು ಪುಟ್ಟ ಸ್ಪೀಕರ್. ಕೆಲಸಕ್ಕೆ ಓಡುವಾಗ ದಿನಾ ಅವರನ್ನು ದಾಟಿಕೊಂಡು ಹೋಗುತ್ತಿದ್ದೆ. ಇಲ್ಲಿಗೆ ಬಂದ ಮೂರನೇ ವರ್ಷ ಸೊಂಟ ಹಿಡಿದುಕೊಂಡಿತು. ಡಾಕ್ಟರು ‘ಏನಾದರೂ ಒಂದು ವ್ಯಾಯಾಮ ಮಾಡಿ’ ಅಂದರು. ಹೋಗಿ ಕೊನೆಯ ಸಾಲಿನಲ್ಲಿ ನಿಂತೆ. ಅದಾಗಿ ಎಂಟು ವರ್ಷ.

ಹಾಗಾಗಿ ನಮ್ಮ ಬಳಗದಲ್ಲಿ ಯಾರಿಗೆ ಇಂಥ ಚೀನೀ ಕಲೆ ಕಲಿಯುವ ಆಸೆ ಹುಟ್ಟಿದರೂ ಫೋನು ನನಗೇ ಬರುತ್ತದೆ. ಈ ವರ್ಷ ಮೂವರು ಕೇಳಿದರು. ಮೈಸೂರಿನ ಚಿಕ್ಕಮ್ಮ, 64 ವರ್ಷ, ಎಡ ಮಂಡಿ ನೋವು. ಇಲ್ಲೇ ಆಫೀಸಿನಲ್ಲಿರುವ ದಾವಣಗೆರೆಯ ಗೆಳೆಯ, 38, ರಾತ್ರಿ ನಿದ್ದೆ ಬರಲ್ಲ. ಅವನು ಆಗಲೇ ಏಳು ಪದ್ಧತಿಗಳನ್ನು ಎಕ್ಸೆಲ್‌ನಲ್ಲಿ ಹಾಕಿಕೊಂಡಿದ್ದ. ಮತ್ತೆ ಅಕ್ಕನ ಮಗ, 17, ಗೋಡೆ ತುಂಬ ಬ್ರೂಸ್ ಲೀ. ಮೂವರದ್ದೂ ಒಂದೇ ಪ್ರಶ್ನೆ: ಯಾವುದರಿಂದ ಶುರು ಮಾಡಲಿ? ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಹೇಗೆ ಅಂತ ಇಲ್ಲಿ ಬರೆಯುತ್ತೇನೆ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮುಂಚೆ ಮಂಡಿ. ಈ ಕಲೆಗಳೆಲ್ಲ ಹೆಚ್ಚಾಗಿ ನಿಂತು ಮಾಡುವಂಥವು, ಅದೂ ಮಂಡಿ ಸ್ವಲ್ಪ ಬಗ್ಗಿಸಿಕೊಂಡು. ತೋಳು ಎಷ್ಟು ಮೆತ್ತಗೆ ಆಡಿದರೂ ಭಾರ ಹೊರುವುದು ತೊಡೆ ಮತ್ತು ಮಂಡಿ. ‘ನಿಧಾನವಾಗಿದೆ, ಹಾಗಾಗಿ ಸುಲಭ’ ಅಂದುಕೊಂಡು ಬಂದವರು ಮಾರನೇ ದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಾರೆ.

ಎರಡನೆಯದು ಗುರು. ಕೆಲವನ್ನು ವಿಡಿಯೊ ನೋಡಿ ತಕ್ಕಮಟ್ಟಿಗೆ ಕಲಿಯಬಹುದು. ಕೆಲವನ್ನು ಹಾಗೆ ಕಲಿಯಲು ಹೋದರೆ ಮಂಡಿಗೇ ಕುತ್ತು. ನಿಮ್ಮ ಊರಿನಲ್ಲಿ ಯಾರೂ ಇಲ್ಲದಿದ್ದರೆ ಅರ್ಧ ಆಯ್ಕೆಗಳು ಅಲ್ಲೇ ಬಿದ್ದುಹೋಗುತ್ತವೆ. ಜಾಗ, ದುಡ್ಡು, ದಿನಕ್ಕೆ ಎಷ್ಟು ನಿಮಿಷ ಅನ್ನುವುದು ಆಮೇಲಿನ ಮಾತು. ಹೊಡೆದಾಟ ಬೇಕಾ ಬೇಡವಾ ಅನ್ನುವುದನ್ನಂತೂ ಮೊದಲೇ ನಿಮ್ಮೊಳಗೆ ಇತ್ಯರ್ಥ ಮಾಡಿಕೊಳ್ಳಿ.

ಕೊನೆಯದು ನನ್ನ ಸ್ವಂತ ಅಳತೆ. ಯಾವ ಥರದ ಬೇಸರ ನಿಮಗೆ ಒಗ್ಗುತ್ತದೆ? ಈ ಪ್ರತಿಯೊಂದು ಕಲೆಯಲ್ಲೂ ಅದರದ್ದೇ ಒಂದು ಬೇಸರ ಇದೆ. ಒಂದರಲ್ಲಿ ದಿನಾ ಅದೇ ಎಂಟು ಚಲನೆ. ಒಂದರಲ್ಲಿ ಬಾಯಿಪಾಠದ ಹಾಗೆ ಉದ್ದದ ಸರಣಿ. ಒಂದರಲ್ಲಿ ಅಲುಗಾಡದೆ ನಿಲ್ಲುವುದು. ಕುಂಗ್ ಫು ಅಂದರೆ ಮೂಲದಲ್ಲಿ ಹೊಡೆದಾಟ ಅಂತ ಅರ್ಥ ಅಲ್ಲ. ಕಾಲ ಹಾಕಿ, ಮೈ ದಂಡಿಸಿ ಗಳಿಸಿದ ಕೌಶಲ ಅಂತ. ನಾವು ‘ಕೈ ಪಳಗಿದೆ’ ಅನ್ನುತ್ತೇವಲ್ಲ, ಅದು. ಪಳಗುವುದಕ್ಕೆ ಮುಂಚೆ ಬಿಟ್ಟುಹೋಗುವವರೇ ಜಾಸ್ತಿ. ನಾನು ನೋಡಿದ ಹಾಗೆ ಅವರು ಬಿಡುವುದು ನೋವಿನಿಂದ ಅಲ್ಲ, ಬೇಸರದಿಂದ.

‘ಯೋಗ ಇರೋವಾಗ ಇದ್ಯಾಕೋ?’ ಅಂತ ಚಿಕ್ಕಮ್ಮ ಕೇಳಿದರು. ಯೋಗ ಬಿಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಇಲ್ಲಿ ನೆಲಕ್ಕೆ ಕೂತು ಏಳುವ ಕೆಲಸ ಇಲ್ಲ. ಚಾಪೆ ಬೇಡ, ಬಟ್ಟೆ ಬದಲಿಸುವುದೂ ಬೇಡ. ತೂಕ ಒಂದು ಕಾಲಿಂದ ಇನ್ನೊಂದು ಕಾಲಿಗೆ ಹೋಗುವುದೇ ಇಲ್ಲಿ ಪಾಠ. ಎಡವಿ ಬೀಳುವ ಭಯ ಇರುವ ವಯಸ್ಸಿನವರಿಗೆ ಅದೇ ಬೇಕಾಗಿರುವುದು.

ಬಾದ್ವಾನ್‌ಜಿನ್: ಖರ್ಚಿಲ್ಲದ ಬಾಗಿಲು

ಹೆಸರಿನ ಅರ್ಥ ‘ಎಂಟು ತುಂಡು ಜರಿ ರೇಷ್ಮೆ’. ಚೀನಾದ ಸೋಂಗ್ ರಾಜವಂಶದ ಕಾಲದ (10ರಿಂದ 13ನೇ ಶತಮಾನ) ಬರಹಗಳಲ್ಲೇ ಈ ಹೆಸರು ಬರುತ್ತದೆ. ಇದು ಹೊಡೆದಾಟದ ಕಲೆ ಅಲ್ಲ, ಚೀಗೋಂಗ್ ಅಂದರೆ ಉಸಿರು ಮತ್ತು ಮೈ ಕೂಡಿಸುವ ಅಭ್ಯಾಸ. ಆದರೆ ಕುಂಗ್ ಫು ಶಾಲೆಗಳಲ್ಲಿ ಮೈ ಹದ ಮಾಡಿಕೊಳ್ಳಲು ಇದನ್ನು ಮೊದಲಿನಿಂದ ಮಾಡಿಸುತ್ತಾರೆ. 2003ರ ಹೊತ್ತಿಗೆ ಚೀನಾದ ಕ್ರೀಡಾ ಇಲಾಖೆ ನಾಲ್ಕು ಚೀಗೋಂಗ್‌ಗಳನ್ನು ಒಂದು ನಿಗದಿತ ರೂಪಕ್ಕೆ ತಂದು ಎಲ್ಲೆಡೆ ಹರಡಿತು. ಅದರಲ್ಲಿ ಇದೂ ಒಂದು. ಈಗ ವಿಡಿಯೊಗಳಲ್ಲಿ ಸಿಗುವುದು ಹೆಚ್ಚಾಗಿ ಆ ರೂಪವೇ. ಒಂದು ಸುತ್ತಿಗೆ ಹನ್ನೆರಡು ನಿಮಿಷ ಹಿಡಿಯುತ್ತದೆ.

ಮೊದಲನೆಯದು ಎರಡೂ ಕೈ ಹೆಣೆದು ತಲೆಯ ಮೇಲೆ ಆಕಾಶಕ್ಕೆ ಆಸರೆ ಕೊಟ್ಟ ಹಾಗೆ ಎತ್ತುವುದು. ಎರಡನೆಯದು ಬಿಲ್ಲು ಎಳೆಯುವುದು. ಹೀಗೆ ಎಂಟು. ಕೊನೆಯದರಲ್ಲಿ ಹಿಮ್ಮಡಿ ಎತ್ತಿ ಏಳು ಸಲ ನೆಲಕ್ಕೆ ಬಿಡುವುದು. ಒಂದೇ ಕಡೆ ನಿಂತು ಮಾಡುವುದರಿಂದ ಎರಡು ತೋಳು ಚಾಚುವಷ್ಟು ಜಾಗ ಸಾಕು. ಬಾಲ್ಕನಿಯಲ್ಲೂ ಆಗುತ್ತದೆ. ವಿಡಿಯೊ ನೋಡಿ ಕಲಿಯಬಹುದಾದ ಒಂದೇ ಒಂದನ್ನು ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಎರಡು ಕಡೆ ಎಚ್ಚರ ಬೇಕು. ಐದನೆಯದರಲ್ಲಿ ಕಾಲು ಅಗಲಿಸಿ, ಕುದುರೆ ಏರಿದ ಹಾಗೆ ಕೆಳಗೆ ಕೂತು, ಮೈಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ತೂಗಬೇಕು. ‘ಎದೆಯ ಬೆಂಕಿ ಕಳೆಯುತ್ತದೆ’ ಅಂತ ಅದರ ಹೆಸರೇ ಹೇಳುತ್ತದೆ. ಎದೆಯ ಬೆಂಕಿ ಹೋಗುತ್ತೋ ಇಲ್ಲವೋ, ಮಂಡಿಗೆ ಮಾತ್ರ ಬೆಂಕಿ ಬೀಳುತ್ತದೆ. ನೋವಿರುವವರು ನೆಟ್ಟಗೆ ನಿಂತೇ ಮಾಡಲಿ, ಇಲ್ಲವೇ ಬಿಟ್ಟುಬಿಡಲಿ. ಆರನೆಯದರಲ್ಲಿ ಮುಂದಕ್ಕೆ ಪೂರ್ತಿ ಬಗ್ಗಬೇಕು. ಬಿ.ಪಿ., ಡಿಸ್ಕ್ ತೊಂದರೆ ಇರುವವರು ಡಾಕ್ಟರನ್ನು ಒಂದು ಮಾತು ಕೇಳಿ. ಬಗ್ಗುವುದು ಮಂಡಿವರೆಗೆ ಸಾಕು. ಕೂತು ಮಾಡುವ ಬಾದ್ವಾನ್‌ಜಿನ್ ಕೂಡ ಇದೆ.

ಇದರ ಬೇಸರ ಯಾವುದು ಗೊತ್ತಾ? ಒಂದು ತಿಂಗಳಲ್ಲಿ ಎಲ್ಲ ಬಂದುಬಿಡುತ್ತದೆ. ಆಮೇಲೆ ಹೊಸದೇನೂ ಇಲ್ಲ. ಬೆಳಗಿನ ಕಾಫಿಯ ಹಾಗೆ ದಿನಾ ಅದೇ. ಕೆಲವರಿಗೆ ಅದೇ ಸುಖ. ನನಗೆ ಅಲ್ಲ.

ತೈಚಿ: ಒಂದು ಹೆಸರು, ಹಲವು ಮನೆ

ಮೊದಲು ಒಂದು ಗೊಂದಲ. ತೈಚಿಯ ‘ಚಿ’ಗೂ ಪ್ರಾಣಶಕ್ತಿ ಅಂತ ಹೇಳುವ ‘ಚೀ’ಗೂ ಸಂಬಂಧ ಇಲ್ಲ. ಎರಡೂ ಬೇರೆ ಅಕ್ಷರ. ಸರಿಯಾದ ಉಚ್ಚಾರ ‘ತೈಜಿ’ಗೆ ಹತ್ತಿರ. ಪೂರ್ತಿ ಹೆಸರು ತೈಜಿಚ್ವೆನ್. ಕೊನೆಯ ‘ಚ್ವೆನ್’ ಅಂದರೆ ಮುಷ್ಟಿ. ಅಂದರೆ ಇದು ಮುಷ್ಟಿಯುದ್ಧ, ಪಾರ್ಕಿನಲ್ಲಿ ಎಷ್ಟೇ ನಾಜೂಕಾಗಿ ಕಂಡರೂ.

ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೋ ಅನ್ನುವ ಹಳ್ಳಿಯಲ್ಲಿ ಚೆನ್ ಮನೆತನ 17ನೇ ಶತಮಾನದಿಂದ ಬೆಳೆಸಿಕೊಂಡು ಬಂದ ಕಲೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿ ಕಲಿತ ಯಾಂಗ್ ಲೂಚಾನ್ 19ನೇ ಶತಮಾನದಲ್ಲಿ ಅದನ್ನು ಬೀಜಿಂಗ್‌ಗೆ ಒಯ್ದ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು ಅದನ್ನು ಒಂದೇ ಹದದ, ನಿಧಾನದ, ಅಗಲವಾದ ಚಲನೆಯಾಗಿ ಮಾಡಿದ. ಇವತ್ತು ಪಾರ್ಕುಗಳಲ್ಲಿ ಕಾಣುವುದು ಅವನ ದಾರಿ. 2020ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೂ ತೈಜಿ ಸೇರಿತು.

ಹೊಸಬರು ಸಾಮಾನ್ಯವಾಗಿ ಶುರು ಮಾಡುವುದು 24ರ ಸರಣಿಯಿಂದ, ಅಂದರೆ ಒಂದರ ಹಿಂದೆ ಒಂದು ಬರುವ 24 ಚಲನೆಗಳಿಂದ. 1956ರಲ್ಲಿ ಚೀನಾ ಸರ್ಕಾರ ಯಾಂಗ್ ಪದ್ಧತಿಯನ್ನು ಚಿಕ್ಕದು ಮಾಡಿಸಿ ರೂಪಿಸಿದ್ದು. ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಹೆಸರುಗಳೇ ಚಂದ: ಕಾಡುಕುದುರೆಯ ಜೂಲು ಬಿಡಿಸುವುದು, ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು. ವಾರಕ್ಕೆರಡು ಕ್ಲಾಸಾದರೆ ಮೂರು ನಾಲ್ಕು ತಿಂಗಳಲ್ಲಿ ಸರಣಿ ಬಾಯಿಗೆ ಬರುತ್ತದೆ. ಮೈಗೆ ಬರುವುದಕ್ಕೆ ಇನ್ನೂ ಎರಡು ವರ್ಷ. ದೊಡ್ಡ ಲಾಭ ಅಂದರೆ ಯಾವ ದೇಶದ ಯಾವ ಪಾರ್ಕಿಗೆ ಹೋದರೂ ಇದನ್ನು ಮಾಡುವ ಗುಂಪು ಸಿಗುವ ಸಾಧ್ಯತೆ ಹೆಚ್ಚು. ಸುಮ್ನೆ ಹೋಗಿ ಹಿಂದೆ ನಿಲ್ಲಬಹುದು.

ಇದನ್ನು ವಿಡಿಯೊ ನೋಡಿ ಕಲಿಯಬಹುದಾ? ನಾನು ಕಲಿತೆ, ಮೊದಲ ವರ್ಷ, ಆತುರ ತಡೆಯಲಾರದೆ. ಕೈ ಎಲ್ಲ ಸರಿಯಾಗಿಯೇ ಹೋಗುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ನನಗೇ ಖುಷಿ. ಎರಡು ತಿಂಗಳಿಗೆ ಬಲ ಮಂಡಿಯ ಒಳಬದಿ ಚುಚ್ಚಲು ಶುರುವಾಯಿತು. ಕೆಳಗಿನ ಗುಂಪಿನ ಹಿರಿಯಾಕೆ ಒಬ್ಬರು, ಎಪ್ಪತ್ತು ದಾಟಿದವರು, ಒಂದು ದಿನ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ನನ್ನ ಪಾದವನ್ನೇ ನೋಡಿದರು. ಆಮೇಲೆ ಬೂಟಿನ ತುದಿಗೆ ಬೆರಳಿಂದ ತಟ್ಟಿ, ಮಂಡಿಗೆ ತಟ್ಟಿ, ತಲೆ ಅಲ್ಲಾಡಿಸಿದರು. ನಾನು ತಿರುಗುವಾಗ ಪಾದ ಅಲ್ಲೇ ಉಳಿಯುತ್ತಿತ್ತು, ಮಂಡಿ ಮಾತ್ರ ತಿರುಗುತ್ತಿತ್ತು. ಹಿಂದಿನ ಕಾಲಿಗೆ ತೂಕ ಕೊಟ್ಟು, ಮುಂದಿನ ಪಾದ ಹಗುರ ಮಾಡಿಕೊಂಡು, ಅದನ್ನು ತಿರುಗಿಸಿ, ಆಮೇಲೆ ಅದರ ಮೇಲೆ ಭಾರ ಬಿಡಬೇಕು. ಮಂಡಿ ಯಾವಾಗಲೂ ಕಾಲ್ಬೆರಳು ನೋಡುವ ಕಡೆಗೇ ನೋಡಬೇಕು. ತಿರುವು ಸೊಂಟದ ಕೀಲಿನಿಂದ ಬರಬೇಕು. ಇಷ್ಟೇ. ಇದನ್ನು ಯಾವ ವಿಡಿಯೊನೂ ನನ್ನ ಬೂಟು ತಟ್ಟಿ ಹೇಳಲಿಲ್ಲ.

ಹಾಗಾಗಿ ತೈಚಿಗೆ ವಾರಕ್ಕೊಂದು ದಿನವಾದರೂ ನಿಮ್ಮ ಕಾಲು ನೋಡುವ ಒಬ್ಬ ಮನುಷ್ಯ ಬೇಕು. ಅದು ಸಿಕ್ಕಿದರೆ ಹಿರಿಯರಿಗೆ ಇದಕ್ಕಿಂತ ಒಳ್ಳೆಯದು ಕಮ್ಮಿ. ಇದು ನಂಬಿಕೆಯ ಮಾತಷ್ಟೇ ಅಲ್ಲ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದಲ್ಲಿ 195 ಪಾರ್ಕಿನ್ಸನ್ ರೋಗಿಗಳಿದ್ದರು. ವಾರಕ್ಕೆರಡು ಸಲ, 24 ವಾರ. ತೈಚಿ ಮಾಡಿದವರ ಸಮತೋಲನ ಬೇರೆ ವ್ಯಾಯಾಮ ಮಾಡಿದವರಿಗಿಂತ ಚೆನ್ನಾಗಿ ಸುಧಾರಿಸಿತು. 2016ರಲ್ಲಿ ಮಂಡಿ ಸವೆತ ಇರುವವರ ಮೇಲೆ ಇನ್ನೊಂದು ಅಧ್ಯಯನ ಬಂತು. ಹನ್ನೆರಡು ವಾರದ ತೈಚಿ ನೋವಿನ ವಿಷಯದಲ್ಲಿ ಫಿಸಿಯೋಥೆರಪಿಗೆ ಸಮನಾಗಿ ನಿಂತಿತು. ಕ್ಯಾನ್ಸರ್ ವಾಸಿಯಾಗುತ್ತೆ, ಸಕ್ಕರೆ ಕಾಯಿಲೆ ಓಡಿಹೋಗುತ್ತೆ ಅಂತ ಯಾರಾದರೂ ಅಂದರೆ ಮಾತ್ರ ಎದ್ದು ಬನ್ನಿ.

ಮಂಡಿಯದ್ದೇ ಚಿಂತೆ ಅನ್ನುವವರಿಗೆ ತೈಚಿಯಲ್ಲೇ ಸುನ್ ಪದ್ಧತಿ ಅಂತ ಇದೆ. ನಿಲುವು ಎತ್ತರ, ಹೆಜ್ಜೆ ಪುಟ್ಟದು, ಒಂದು ಕಾಲು ಮುಂದೆ ಹೋದರೆ ಇನ್ನೊಂದು ಹಿಂದೆಯೇ ಬರುತ್ತದೆ. ಆಸ್ಟ್ರೇಲಿಯಾದ ಡಾಕ್ಟರ್ ಪಾಲ್ ಲ್ಯಾಮ್ 1997ರಲ್ಲಿ ಸಂಧಿವಾತದವರಿಗೆ ರೂಪಿಸಿದ ತೈಚಿ ಇದರ ಆಧಾರದ ಮೇಲೆಯೇ ಇದೆ.

ಚೆನ್ ಪದ್ಧತಿ ಇದಕ್ಕೆ ಪೂರ್ತಿ ಉಲ್ಟಾ. ಕೆಳಗಿನ ನಿಲುವು, ಮೈಯೆಲ್ಲ ನೂಲು ಸುತ್ತಿದ ಹಾಗೆ ಸುರುಳಿ ಚಲನೆ, ನಡುನಡುವೆ ನೆಲಕ್ಕೆ ಕಾಲು ಅಪ್ಪಳಿಸುವುದು, ಸಟ್ಟನೆ ಮುಷ್ಟಿ. ನೋಡಲು ಎಲ್ಲಕ್ಕಿಂತ ಚಂದ. ಮೂವತ್ತರ ಆಸುಪಾಸಿನವರು, ಮಂಡಿ ಗಟ್ಟಿ ಇರುವವರು, ನಿಧಾನ ಅಂದರೆ ಆಗದವರು ಹೋಗಬಹುದು. ಒಳ್ಳೆಯ ಗುರು ಇಲ್ಲದೆ ಮಾತ್ರ ಬೇಡ. ಮೇಲಿನ ಮನೆಯಲ್ಲಿದ್ದರಂತೂ ಕೆಳಗಿನವರು ಬಾಗಿಲು ಬಡಿಯುತ್ತಾರೆ.

ಸುಮ್ನೆ ನಿಲ್ಲೋದು

ಚೀನೀ ಹೆಸರು ಜಾನ್ ಜ್ವಾಂಗ್, ಅಂದರೆ ಕಂಬದ ಹಾಗೆ ನಿಲ್ಲುವುದು. ಹಲವು ಶಾಲೆಗಳಲ್ಲಿ ಇದು ಅಡಿಪಾಯ. ವಾಂಗ್ ಶಿಯಾಂಗ್‌ಜಾಯ್ (1885–1963) ಸರಣಿಗಳನ್ನೆಲ್ಲ ಪಕ್ಕಕ್ಕಿಟ್ಟು ಇದನ್ನೇ ಮುಖ್ಯ ಮಾಡಿಕೊಂಡು ಯೀಚ್ವೆನ್ ಅನ್ನುವ ಕಲೆ ಕಟ್ಟಿದ.

ಮಾಡುವುದು ಇಷ್ಟು. ಪಾದ ಭುಜದಷ್ಟು ಅಗಲ. ಮಂಡಿ ಬೀಗ ತೆಗೆದಷ್ಟು ಮಾತ್ರ ಸಡಿಲ. ಎದೆಯ ಮುಂದೆ ತೋಳು ಗುಂಡಗೆ. ಪುಸ್ತಕಗಳಲ್ಲಿ ‘ಮರ ತಬ್ಬಿದ ಹಾಗೆ’ ಅಂತಾರೆ. ನನಗೆ ಅಜ್ಜಿ ಮನೆಯ ಬಚ್ಚಲಿನ ತಾಮ್ರದ ಹಂಡೆ ತಬ್ಬಿದ ಹಾಗೆ ಅನಿಸುತ್ತದೆ. ಹಂಡೆ ಬಿಸಿ ಇದೆ, ಹಾಗಾಗಿ ತೀರಾ ಒತ್ತಿ ತಬ್ಬಬಾರದು. ಆಮೇಲೆ ಏನೂ ಮಾಡಬೇಡಿ. ಒಂದು ನಿಮಿಷ ಹಾಯಾಗಿರುತ್ತದೆ. ಎರಡನೇ ನಿಮಿಷಕ್ಕೆ ಭುಜ ಕಿವಿಯ ಹತ್ತಿರ ಬಂದಿರುತ್ತದೆ, ಯಾವಾಗ ಬಂತೋ ಗೊತ್ತಾಗಿರುವುದಿಲ್ಲ. ಇಳಿಸುತ್ತೀರಿ. ಮತ್ತೆ ಬರುತ್ತದೆ. ನಾಲ್ಕಕ್ಕೆ ತೊಡೆ ನಡುಗುತ್ತದೆ. ಐದಕ್ಕೆ ಒಂದು ಸೊಳ್ಳೆ ಬರುತ್ತದೆ. ಮನಸ್ಸು ಎಷ್ಟು ಗದ್ದಲ ಮಾಡುತ್ತದೆ ಅಂತ ನನಗೆ ಗೊತ್ತಾಗಿದ್ದೇ ಆ ಸೊಳ್ಳೆಯಿಂದ.

ದುಡ್ಡು ಬೇಡ, ಒಂದು ಟೈಲ್ಸ್‌ನಷ್ಟು ಜಾಗ ಸಾಕು, ನೆನಪಿಡಲು ಏನೂ ಇಲ್ಲ. ಎರಡು ನಿಮಿಷದಿಂದ ಶುರು ಮಾಡಿ ವಾರಕ್ಕೊಂದು ನಿಮಿಷ ಏರಿಸಿ. ಹತ್ತಕ್ಕೆ ಬಂದರೆ ಸಾಕು. ಮಂಡಿ ನೋವಾದರೆ ಇನ್ನೂ ಮೇಲಕ್ಕೆ ನಿಲ್ಲಿ. ತಲೆ ತಿರುಗಿದರೆ ನಿಲ್ಲಿಸಿ, ಓಡಾಡಿ. ಆದರೆ ಇದರ ಬೇಸರ ಎಲ್ಲಕ್ಕಿಂತ ಕಡು. ಹತ್ತು ಜನಕ್ಕೆ ಹೇಳಿಕೊಟ್ಟಿದ್ದೇನೆ, ಒಬ್ಬರು ಮುಂದುವರಿಸಿದ್ದಾರೆ.

ಶಿಂಗ್‌ಯಿ, ಬಾಗ್ವಾ

ಎರಡೂ ತೈಚಿಯ ದಾಯಾದಿಗಳು. ಶಿಂಗ್‌ಯಿಯಲ್ಲಿ ಪಂಚಭೂತದಂಥ ಐದು ತತ್ವಗಳ ಹೆಸರಿನಲ್ಲಿ ಐದೇ ಏಟು. ಒಂದನ್ನೇ ಹಿಡಿದು ಓಣಿಯುದ್ದಕ್ಕೂ ಹೋಗುವುದು, ತಿರುಗುವುದು, ಬರುವುದು. ನೆನಪಿನ ಶಕ್ತಿ ಕಮ್ಮಿ, ಹುರುಪು ಜಾಸ್ತಿ ಇರುವವರಿಗೆ ಹೇಳಿ ಮಾಡಿಸಿದ್ದು. ಬಾಗ್ವಾ 19ನೇ ಶತಮಾನದ ಬೀಜಿಂಗ್‌ನಲ್ಲಿ ದೋಂಗ್ ಹಾಯ್‌ಚ್ವಾನ್ ಹರಡಿದ್ದು. ಒಂದು ಮರದ ಸುತ್ತ, ಕೆಸರಿನಲ್ಲಿ ಪಾದ ಜಾರಿಸಿದ ಹಾಗೆ, ಮೈ ತಿರುಚಿಕೊಂಡು ಸುತ್ತುವುದು. ನಮ್ಮವರಿಗೆ ಪ್ರದಕ್ಷಿಣೆ ಹಾಕಿದ ಹಾಗೆ ಕಾಣುತ್ತದೆ. ವರ್ಷಗಟ್ಟಲೆ ಬರೀ ನಡೆಯುವುದನ್ನೇ ಕಲಿಸುತ್ತಾರೆ. ಎರಡಕ್ಕೂ ಒಳ್ಳೆಯ ಗುರು ಸಿಗುವುದು ಅಪರೂಪ. ಸಿಕ್ಕಿದರೆ ಬಿಡಬೇಡಿ. ಸಿಗದಿದ್ದರೆ ಇವುಗಳ ಹಿಂದೆ ಹೋಗಬೇಡಿ.

ಶಾವೊಲಿನ್, ವಿಂಗ್ ಚುನ್

ಅಕ್ಕನ ಮಗನಿಗೆ ಬೇಕಾಗಿದ್ದು ಇದು. ಹೆನಾನ್‌ನ ದೆಂಗ್‌ಫೆಂಗ್ ಬಳಿ ಇರುವ ಶಾವೊಲಿನ್ ಮಠದ ಹೆಸರು ಹೇಳುವ ಶಾಲೆಗಳು ಎಲ್ಲ ಕಡೆ ಇವೆ. ಜಿಗಿತ, ಒದೆತ, ಚಾಚುವಿಕೆ. ಇಪ್ಪತ್ತರ ಒಳಗಿನವರಿಗೆ ಸರಿ. ನಲವತ್ತಕ್ಕೆ ಶುರು ಮಾಡುವ ಮಾತಲ್ಲ. ಅಂದಹಾಗೆ, ಕಾಂಚೀಪುರದ ಬೌದ್ಧ ಭಿಕ್ಷು ಬೋಧಿಧರ್ಮ ಚೀನಾಕ್ಕೆ ಹೋಗಿ ಆ ಮಠದವರಿಗೆ ಕುಂಗ್ ಫು ಕಲಿಸಿದ ಅನ್ನುವ ಕಥೆ ನಮ್ಮವರಿಗೆ ಬಲು ಇಷ್ಟ. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಆ ಕಥೆಯ ಬೇರು ಇರುವುದು 17ನೇ ಶತಮಾನದ ಒಂದು ಕೈಪಿಡಿಯಲ್ಲಿ.

ವಿಂಗ್ ಚುನ್ ಅನ್ನುವ ಹೊಡೆದಾಟದ ಕಲೆಗೆ ಜಾಗ ಕಮ್ಮಿ ಸಾಕು. ಹೆಸರಾಂತ ಗುರು ಇಪ್ ಮ್ಯಾನ್ ಹಾಂಗ್‌ಕಾಂಗ್‌ನಲ್ಲಿ ಕಲಿಸಿದ್ದು, ಬ್ರೂಸ್ ಲೀ ಹದಿಹರೆಯದಲ್ಲಿ ಕಲಿತದ್ದು ಇದೇ. ಮೊದಲ ಸರಣಿಯಲ್ಲಿ ಪಾದ ಕದಲುವುದೇ ಇಲ್ಲ, ಕೈ ಮಾತ್ರ. ಅದನ್ನು ನಿಧಾನವಾಗಿ ಮಾಡಿದರೆ ಅದೂ ಒಂದು ಥರ ನಿಂತ ಧ್ಯಾನ. ಆದರೆ ಮಂಡಿ ಒಳಕ್ಕೆ ಮಾಡಿ ನಿಲ್ಲುವ ನಿಲುವು ಮಂಡಿ ನೋವಿನವರಿಗೆ ಆಗಿಬರಲ್ಲ. ಅಭ್ಯಾಸಕ್ಕೆ ಜೊತೆಗಾರನೂ ಬೇಕು.

ಹೊಡೆದಾಟಕ್ಕೆ ಅಂತಲೇ ಹೋಗುವವರಿಗೆ ಒಂದು ಮಾತು. 2017ರಲ್ಲಿ ಚೆಂಗ್ಡುವಿನಲ್ಲಿ ಒಬ್ಬ ಎಂ.ಎಂ.ಎ. (ಹಲವು ಹೊಡೆದಾಟದ ಕಲೆ ಬೆರೆಸಿದ ಸ್ಪರ್ಧೆ) ಹೋರಾಟಗಾರ ಒಬ್ಬ ತೈಚಿ ಗುರುವನ್ನು ಅರ್ಧ ನಿಮಿಷದೊಳಗೆ ಕೆಡವಿದ ವಿಡಿಯೊ ಚೀನಾದಲ್ಲೆಲ್ಲ ಓಡಾಡಿತು. ಎದುರಾಳಿ ನಿಜವಾಗಿ ಹೊಡೆಯುವ ಅಭ್ಯಾಸ ವಾರಕ್ಕೊಮ್ಮೆಯಾದರೂ ಇರದ ಶಾಲೆ ಹೊಡೆದಾಟ ಕಲಿಸುವುದಿಲ್ಲ, ಬೋರ್ಡಿನಲ್ಲಿ ಏನೇ ಬರೆದಿರಲಿ.

ದುಡ್ಡು, ಗುರು

ಬೂಟು ಚಪ್ಪಟೆ, ತೆಳು ತಳದ್ದು ಇರಲಿ. ನಮ್ಮ ಸ್ಕೂಲಿನ ಪಿ.ಟಿ. ಕ್ಯಾನ್ವಾಸ್ ಬೂಟು ಸಾಕು. ದಪ್ಪ ತಳದ ಓಟದ ಬೂಟಿನಲ್ಲಿ ನೆಲ ಗೊತ್ತಾಗಲ್ಲ. ರೇಷ್ಮೆ ಅಂಗಿ ಮೊದಲ ವರ್ಷ ಬೇಡವೇ ಬೇಡ. ನಾನು ಒಂದು ಕಡೆ ಮೂರು ತಿಂಗಳ ಫೀಸು ಮುಂಗಡ ಕಟ್ಟಿದ್ದೆ. ಆಮೇಲೆ ಅಂಗಿಗೆ, ಬೆಲ್ಟಿಗೆ, ಪರೀಕ್ಷೆಗೆ ಅಂತ ಬೇರೆ ಬೇರೆ ಚೀಟಿ ಬಂತು. ಪಾಠ ಮಾತ್ರ ನಿಂತಲ್ಲೇ ನಿಂತಿತ್ತು. ತಿಂಗಳು ತಿಂಗಳು ಕಟ್ಟಿಸಿಕೊಳ್ಳುವವರ ಹತ್ತಿರ ಹೋಗಿ.

ಸೇರುವ ಮುಂಚೆ ಒಂದು ಕ್ಲಾಸು ಬದಿಗೆ ಕೂತು ನೋಡಿ. ಗುರು ಶಿಷ್ಯರ ಕೈ ನೋಡುತ್ತಾರೋ ಕಾಲು ನೋಡುತ್ತಾರೋ? ನಿಮ್ಮ ನೋವು, ಆಪರೇಷನ್ ಬಗ್ಗೆ ಕೇಳುತ್ತಾರೋ? ಐದಾರು ವರ್ಷದ ಹಳೇ ಶಿಷ್ಯರು ಇದ್ದಾರೋ, ಅವರು ಕುಂಟದೆ ನಡೆಯುತ್ತಾರೋ? ಮುಟ್ಟದೆಯೇ ದೂರದಿಂದ ಶಿಷ್ಯನನ್ನು ತಳ್ಳಿ ತೋರಿಸಿದರೆ ಚಪ್ಪಾಳೆ ತಟ್ಟಿ ಮನೆಗೆ ಬನ್ನಿ.

ಮೂವರಿಗೆ ಹೇಳಿದ್ದು

ಚಿಕ್ಕಮ್ಮನಿಗೆ ಬಾದ್ವಾನ್‌ಜಿನ್, ಐದನೆಯದು ಬಿಟ್ಟು. ಹತ್ತಿರ ಸುನ್ ತೈಚಿಯೋ 24ರ ಗುಂಪೋ ಸಿಕ್ಕಿದರೆ ಆರು ತಿಂಗಳ ಮೇಲೆ ಅಲ್ಲಿಗೆ. ಹನ್ನೆರಡು ನಿಮಿಷ, ಕುಕ್ಕರ್ ಕೂಗುವುದರೊಳಗೆ ಮುಗಿಯುತ್ತೆ ಅಂದರು. ಹಿಮ್ಮಡಿ ಬಿಡುವುದು ಮೆತ್ತಗಿರಲಿ ಅಂತ ಹೇಳಿದ್ದೇನೆ. ಅಡುಗೆಮನೆ ಕಟ್ಟೆ ಹಿಡಿದುಕೊಂಡು ಮಾಡುತ್ತಾರಂತೆ.

ಹುಡುಗನಿಗೆ ವಿಂಗ್ ಚುನ್, ಬೆಂಗಳೂರಿನಲ್ಲಿ ಜೋಡಿ ಅಭ್ಯಾಸ ಮಾಡಿಸುವ ಕಡೆ. ಮೊದಲ ತಿಂಗಳೇ ‘ಮಾವ, ಬರೀ ನಿಲ್ಲಿಸ್ತಾರೆ’ ಅಂತ ಮೆಸೇಜು. ಒಳ್ಳೇ ಕಡೆಗೇ ಹೋಗಿದ್ದೀಯ ಅಂದೆ.

ದಾವಣಗೆರೆಯ ಗೆಳೆಯನಿಗೆ 24ರ ಸರಣಿ ಹೇಳಿದೆ, ಜೊತೆಗೆ ರಾತ್ರಿ ಮಲಗುವ ಮುಂಚೆ ಐದು ನಿಮಿಷ ಹಂಡೆ ತಬ್ಬಿ ನಿಲ್ಲು ಅಂದೆ. ತಲೆ ಸದಾ ಓಡುವವನಿಗೆ ಬಾಯಿಪಾಠದ ಬೇಸರವೇ ಒಗ್ಗುವುದು ಅಂತ ನನ್ನ ಲೆಕ್ಕ. ನಮ್ಮ ಬ್ಲಾಕಿನ ಗುಂಪು ಅವನ ಮನೆಯಿಂದ ಎರಡೇ ಬಸ್ ಸ್ಟಾಪು. ನಾಲ್ಕು ತಿಂಗಳಾಯಿತು. ಎಕ್ಸೆಲ್‌ನಲ್ಲಿ ಈಗ ಹನ್ನೊಂದು ಪದ್ಧತಿ ಇವೆ.